ಬಾಯಿ ಡಾಕ್ಟ್ರಮ್ಮನ ಚಾರ್ಟು

ನಮ್ಮ ಬೀದಿಯಲ್ಲಿ ಅತ್ತಿಗೆಗೆ ಬಾಯಿ ಡಾಕ್ಟ್ರಮ್ಮ ಎಂದು ಹೆಸರು. ಹೆಸರಿಟ್ಟವಳು ನಾನಲ್ಲ, ಆದರೆ ಅದನ್ನು ಹಬ್ಬಿಸಿದ್ದರಲ್ಲಿ ನನ್ನ ಪಾಲು ಇಲ್ಲ ಎಂದರೆ ಸುಳ್ಳಾದೀತು. ಒಂದು ಬೆಳಗ್ಗೆ ಎದುರುಮನೆಯ ಬಡಗಿ ಕೆನ್ನೆ ಊದಿಸಿಕೊಂಡು, ತಲೆಗೂ ಗಲ್ಲಕ್ಕೂ ಸೇರಿಸಿ ಟವೆಲ್ ಕಟ್ಟಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತ. ಅತ್ತಿಗೆ ಹೊರಗೆ ಬಂದವರು, "ಬಾಯಿ ತೆಗೀರಿ" ಎಂದರು. ಅವನು ಟವೆಲ್ ಬಿಚ್ಚಿ ತೆಗೆದ. ಇವರು ಬಗ್ಗಿ ನೋಡಿ, "ಅಬ್ಬಾ, ನಾಲಿಗೆ ಎಷ್ಟು ಚೆನ್ನಾಗಿ ಹಿಂದಕ್ಕೆ ಮಡಚುತ್ತೆ ನಿಮ್ದು. ಹಾಗೇ ಇಟ್ಕೊಂಡಿರಿ, ನಮ್ಮನೆಯವ್ರನ್ನ ಕರೀತೀನಿ, ಬರ್ಕೊಳ್ಳಲಿ" ಎಂದು ಚಿತ್ರ ಬರೆಯುವ ನಮ್ಮಣ್ಣನನ್ನು ಕರೆಯಲು ಒಳಗೆ ಓಡಿದರು. ಹಲ್ಲುನೋವಿಗೆ ಬಂದ ಬಡಪಾಯಿಯ ನಾಲಿಗೆಯ ಚಿತ್ರ ಆಯಿತು, ಹಲ್ಲು ಇದ್ದಲ್ಲೇ ಇತ್ತು.

ಅತ್ತಿಗೆಯ ನಿಜವಾದ ಕೆಲಸ ಇಂಗ್ಲಿಷ್ ಉಚ್ಚಾರಣೆ ಕಲಿಸಲು ಬೇಕಾದ ಸಾಮಾನು ತಯಾರಿಸುವುದು. ಕಲಿಯುವ ಮಕ್ಕಳಿಗೆ ಒಂದು ಬಗೆಯದು, ಕಲಿಸುವ ಮೇಷ್ಟ್ರುಗಳಿಗೆ ಇನ್ನೊಂದು ಬಗೆಯದು. ಶಿಕ್ಷಣ ಇಲಾಖೆಯ ಕಟ್ಟಡದ ಹಿಂಬದಿಯಲ್ಲಿ, ಮೊದಲು ಮುರಿದ ಬೆಂಚು ತುಂಬುತ್ತಿದ್ದ ಒಂದು ಕೋಣೆಯನ್ನು ಅವರಿಗೆ ಕೊಟ್ಟಿದ್ದಾರೆ. ಒಳಗೆ ಹೋದರೆ ಇದೇನು ಆಫೀಸೋ, ಆಟಿಕೆ ಅಂಗಡಿಯೋ ಗೊತ್ತಾಗುವುದಿಲ್ಲ. ಡಬ್ಬಿ ತುಂಬ ಅಂಗೈಯಗಲದ ಕನ್ನಡಿಗಳು. ಇನ್ನೊಂದು ಡಬ್ಬಿಯಲ್ಲಿ ರಬ್ಬರ್ ಬ್ಯಾಂಡುಗಳು. ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿ ಅದನ್ನು ಜಗ್ಗಬೇಕು. ಮೂಗಿನ ತುದಿಗೆ ನೇತುಬಿಡಲು ತೆಳು ಕಾಗದದ ಪಟ್ಟಿಗಳು. ಕೆಲವು ಅಕ್ಷರ ಹೇಳುವಾಗ ಅದು ಹಾರಬೇಕು, ಕೆಲವನ್ನು ಹೇಳುವಾಗ ಅಲ್ಲಾಡಬಾರದು. ಬಸ್ಸು, ಪೆನ್ನು, ಸ್ಕೂಲು ಎಂದು ನಾವು ಪ್ರತಿ ಪದಕ್ಕೂ ಬಾಲ ಅಂಟಿಸುತ್ತೇವಲ್ಲ, ಆ ಬಾಲ ಕತ್ತರಿಸಲೆಂದೇ ಒಂದು ಆಟ ಕಟ್ಟಿದ್ದಾರೆ. ಪದ ಮುಗಿಯುತ್ತಿದ್ದಂತೆ ಮುಷ್ಟಿ ಮುಚ್ಚಬೇಕು, ಆಮೇಲೆ ಉಸಿರೆತ್ತಿದವರು ಔಟ್. ಆಡಿದ ಮಕ್ಕಳೆಲ್ಲ ಮನೆಗೆ ಹೋಗಿ ಅಪ್ಪಂದಿರನ್ನು ಔಟ್ ಮಾಡುತ್ತಾ ಕೂತಿದ್ದರಂತೆ. ಧ್ವನಿಮುದ್ರಣಕ್ಕೆ ಬೇರೆ ಕೋಣೆ ಕೊಟ್ಟಿಲ್ಲ, ಹಾಗಾಗಿ ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು, ಒಳಗೇ ಮೈಕು ಹಿಡಿದು ಕೂರುತ್ತಾರೆ. ಕಸ ಗುಡಿಸಲು ಬಂದ ಆಯಾ ಮೊದಲ ದಿನ ಆ ಕಂಬಳಿಗುಡ್ಡ ಇಂಗ್ಲಿಷ್ ಮಾತಾಡುವುದನ್ನು ಕೇಳಿ ಪೊರಕೆ ಅಲ್ಲೇ ಬಿಟ್ಟು ಹೋಗಿದ್ದಳು.

ಆಫೀಸಿನ ಕೆಲಸ ಆಫೀಸಿನಲ್ಲೇ ಬಿಟ್ಟು ಬರುವವರನ್ನು ಕಂಡಿದ್ದೇನೆ. ಅತ್ತಿಗೆ ಆ ಜಾತಿಯವರಲ್ಲ. ಮಾತಾಡುವಾಗ ಅವರು ನಿಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ. ಊಟಕ್ಕೆ ಬಂದ ನೆಂಟರು ಇವರೇನು ನಮ್ಮ ತುತ್ತು ಎಣಿಸುತ್ತಿದ್ದಾರಾ ಎಂದು ಅರ್ಧ ಹೊಟ್ಟೆಗೇ ಎದ್ದಿದ್ದೂ ಉಂಟು. ಅಮ್ಮನನ್ನಂತೂ ಬಿಡುವುದೇ ಇಲ್ಲ. "ಅತ್ತೆ, ಕೆಳತುಟಿ ಮೇಲೆ ಹಲ್ಲಿಟ್ಟು ಒಂದ್ಸಲ ಊದಿ" ಎಂದರೆ ಅಮ್ಮ, "ಹಲ್ಲು ಬಚ್ಚಲಲ್ಲಿ ಲೋಟದಲ್ಲಿದೆ ಕಣಮ್ಮ, ಅದನ್ನೇ ಊದಿಸ್ಕೋ ಹೋಗು" ಎಂದು ಮಗ್ಗುಲು ಬದಲಿಸುತ್ತಾಳೆ.

ಲೋಕದ ಬಾಯಿಯನ್ನೆಲ್ಲ ಹೀಗೆ ಬಿಡಿಸಿ ನೋಡುವ ಅತ್ತಿಗೆ ತಮ್ಮ ಬಾಯಿಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಮಾತಾಡುವಾಗ ಬಲಗೈ ತಾನಾಗಿ ಮೇಲೇಳುತ್ತಿತ್ತು, ನಗುವಾಗಲಂತೂ ಮುಖದ ಅರ್ಧ ಅಂಗೈ ಹಿಂದೆ. ಮದುವೆಯ ಫೋಟೋ ನೋಡಿದರೆ ಯಾವುದರಲ್ಲೂ ವಧುವಿಗೆ ಮೂಗಿನ ಕೆಳಗೆ ಏನೂ ಇಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಮುಖದ ಎಡಭಾಗ ಮರಗಟ್ಟಿತ್ತು. ಆಮೇಲೆ ಸರಿಹೋಯಿತು, ತುಟಿಯ ಎಡತುದಿ ಒಂದು ಬಿಟ್ಟು. ಅದು ಏಳುವುದಿಲ್ಲ, ಅದರ ಪಾಲಿನದನ್ನೂ ಬಲತುದಿಯೇ ಎದ್ದು ತೀರಿಸುತ್ತದೆ. ಆದ್ದರಿಂದ ಅತ್ತಿಗೆ ಏನು ಹೇಳಿದರೂ ಕೇಳುವವರನ್ನು ಸ್ವಲ್ಪ ಅಣಕಿಸುತ್ತಿದ್ದಾರೇನೋ ಅನ್ನಿಸುತ್ತದೆ. ನನ್ನ ಅಡುಗೆಯನ್ನು ಹೊಗಳಿದಾಗಲೂ ಅನ್ನಿಸಿದೆ, ಅದು ಬೇರೆ ಮಾತು.

ಮೊದಲು ಅವರು ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದವರು. ಒಂದು ದಿನ ಬೋರ್ಡಿನ ಕಡೆಯಿಂದ ತಿರುಗಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅವರ ಹಾಗೆಯೇ ತುಟಿ ಎತ್ತಿ ತೋರಿಸುತ್ತಿದ್ದಳು, ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಆ ವರ್ಷವೇ ಅತ್ತಿಗೆ ಕೇಳಿಕೊಂಡು ಈ ಹಿಂಬದಿಯ ಕೋಣೆಗೆ ಬಂದರು. ಮಕ್ಕಳ ಎದುರು ನಿಲ್ಲುವ ಕೆಲಸ ಬೇರೆಯವರು ಮಾಡಲಿ, ಅವರ ಕೈಗೆ ಬೇಕಾದ್ದನ್ನು ನಾನು ಮಾಡಿ ಕೊಡುತ್ತೇನೆ ಎಂಬುದು ಅವರ ಲೆಕ್ಕ. ಲೆಕ್ಕ ಚೆನ್ನಾಗಿಯೇ ನಡೆಯುತ್ತಿತ್ತು, ಹೊಸ ನಿರ್ದೇಶಕರು ಬರುವ ತನಕ.

ಹೊಸ ನಿರ್ದೇಶಕರಿಗೆ ಆ ಕೋಣೆ ಯಾಕಿದೆ ಎಂದೇ ಅರ್ಥವಾಗಲಿಲ್ಲ. ಇಷ್ಟು ವರ್ಷ ರಬ್ಬರ್ ಬ್ಯಾಂಡ್ ಎಳೆದದ್ದು ಸಾಕು, ಒಂದು ಪೂರ್ತಿ ಪೆಟ್ಟಿಗೆ ಮಾಡಿ ಕೊಡಿ ಎಂದರು. ಮೇಷ್ಟ್ರುಗಳ ಒಂದು ತಂಡದ ಮೇಲೆ ಅದನ್ನು ಪ್ರಯೋಗ ಮಾಡುವುದು, ತಾವೇ ಬಂದು ನೋಡುವುದು. ಒಪ್ಪಿಗೆಯಾದರೆ ಎಲ್ಲ ಶಾಲೆಗೂ ಹೋಗುತ್ತದೆ, ಕೋಣೆ ಉಳಿಯುತ್ತದೆ. ಇಲ್ಲದಿದ್ದರೆ ಕೋಣೆಗೆ ಬೀಗ, ಅತ್ತಿಗೆ ವಾಪಸ್ ಕ್ಲಾಸಿಗೆ. ಅಂದು ಸಂಜೆ ಮನೆಗೆ ಬಂದ ಅತ್ತಿಗೆ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತಿದ್ದರು. "ಮತ್ತೆ ಅಲ್ಲಿ ಹೋಗಿ ನಿಲ್ಲೋಕೆ ನನ್ನ ಕೈಲಾಗಲ್ಲ ಕಣೇ" ಎಂದು ನನ್ನ ಹತ್ತಿರ ಹೇಳಿದರು. ತಮಾಷೆ ಮಾಡಲು ನನಗೂ ಮನಸ್ಸು ಬರಲಿಲ್ಲ.

ಪೆಟ್ಟಿಗೆಗೆ ಮುಖ್ಯವಾಗಿ ಬೇಕಾದ್ದು ಬಾಯಿಯ ಚಾರ್ಟು. ನಮ್ಮ ವ ಒಂದೇ; ಇಂಗ್ಲಿಷಿನವರಿಗೆ ಎರಡು. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ಸೀಟಿ ಹೊಡೆಯುವ ಹಾಗೆ ದುಂಡಗಾಗಬೇಕು. ಇಂಥದ್ದನ್ನು ಬರೆದು ತಿಳಿಸುವುದಕ್ಕಿಂತ ಚಿತ್ರ ತೋರಿಸುವುದು ಸುಲಭ. ಆಫೀಸಿನವರು ಕಂಪ್ಯೂಟರಿನಲ್ಲಿ ಮಾಡಿಸಿ ಕೊಟ್ಟ ಬಾಯಿಗಳು ಅರ್ಧ ಹೆಚ್ಚಿದ ಎಲೆಕೋಸಿನ ಹಾಗಿದ್ದವು. ಆಗ ಅತ್ತಿಗೆಗೆ ನೆನಪಾದದ್ದು ಬಡಗಿಯ ನಾಲಿಗೆ ಬರೆದಿದ್ದ ನಮ್ಮಣ್ಣ.

ಅಣ್ಣ ಬೋರ್ಡು ಬರೆಯುವವನು. ಅಂಗಡಿಯ ಹೆಸರು, ಗಾಡಿಯ ನಂಬರು, ಇಲ್ಲಿ ಕಸ ಹಾಕಬೇಡಿ, ಎಲ್ಲ ಅವನ ಕೈಯದು. ಕಣ್ಣೆದುರು ಇರುವುದನ್ನು ಇರುವ ಹಾಗೆ ಬರೆಯುತ್ತಾನೆ, ತನ್ನದೆಂದು ಒಂದು ಗೆರೆ ಸೇರಿಸುವುದಿಲ್ಲ. ಹಿಂದೆ ಒಬ್ಬ ಕ್ಷೌರಿಕ ತನ್ನ ಚಿತ್ರವನ್ನೇ ಅಂಗಡಿ ಬೋರ್ಡಿಗೆ ಬರೆಯಿಸಿ, ತಲೆಯ ಮೇಲೆ ಕೂದಲೇ ಇಲ್ಲವಲ್ಲ ಎಂದು ಜಗಳಕ್ಕೆ ಬಂದಿದ್ದ. ಅಣ್ಣ ಅವನ ತಲೆಯನ್ನೂ ಬೋರ್ಡನ್ನೂ ಸರದಿಯಂತೆ ನೋಡಿ, "ಸರಿಯಾಗೇ ಇದೆಯಲ್ಲ" ಎಂದಿದ್ದ.

ಹಾಗೆ ಊಟದ ಮೇಜಿನ ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ಅಣ್ಣ. ಅವನೊಬ್ಬನ ಎದುರು ಅವರ ಕೈ ಮೇಲೇಳುತ್ತಿರಲಿಲ್ಲ. ಅವರು ವ ಎಂದು ಹಿಡಿದಿಟ್ಟುಕೊಂಡು ಕೂರುವುದು, ಅವನು ಬರೆಯುವುದು. "ಅಲ್ಲಾಡ್ಬೇಡ್ವೇ" ಎಂದು ಅವನು ರೇಗಿದರೆ, ತಿರುಗಿ ಬೈಯಬೇಕೆಂದರೂ ಅತ್ತಿಗೆಗೆ ಬಾಯಿ ಖಾಲಿ ಇಲ್ಲ. ಅವರಿಬ್ಬರ ಸಂಸಾರದಲ್ಲಿ ಅಷ್ಟು ಶಾಂತವಾದ ವಾರಗಳು ಬಂದದ್ದು ನನಗೆ ನೆನಪಿಲ್ಲ.

ಬರೆದದ್ದನ್ನು ಅತ್ತಿಗೆ ಪರೀಕ್ಷಿಸುವ ಕ್ರಮ ಒಂದಿತ್ತು. ನಡುವೆ ನಾಣ್ಯದಗಲದ ತೂತು ಕೊರೆದ ಒಂದು ರಟ್ಟು. ಅದನ್ನು ಚಿತ್ರದ ಮೇಲಿಟ್ಟು ಸರಿಸುತ್ತಾ ಹೋಗುವರು. ಹಲ್ಲಿನ ಅಂಚು ಮಾತ್ರ ಕಾಣಬೇಕು, ಸರಿ ಇದೆಯೇ, ಮುಂದೆ. ನಾಲಿಗೆಯ ತುದಿ, ಸರಿ, ಮುಂದೆ. ತುಟಿಗಳ ನಡುವಿನ ಸಂದು, ಸರಿ. ಪೂರ್ತಿ ಚಿತ್ರ ಕಂಡರೆ ಕಣ್ಣು ಅಂದಚೆಂದದ ಕಡೆ ಹೋಗುತ್ತದೆ, ತಪ್ಪು ಜಾರಿಕೊಳ್ಳುತ್ತದೆ ಎನ್ನುತ್ತಿದ್ದರು. ಕನ್ನಡಿಯ ಮುಂದೆಯೂ ಅದೇ ರಟ್ಟು ಹಿಡಿಯುತ್ತಿದ್ದರು. ಅದು ಬರೀ ಕೆಲಸದ ಶಿಸ್ತೋ, ಮುಖಕ್ಕೆ ಮುಖ ಕೊಡಲಾರದ ಸಂಕಟವೋ, ನಾನು ಕೇಳಲಿಲ್ಲ. ನನ್ನ ಝೆರಾಕ್ಸ್ ಅಂಗಡಿಯಲ್ಲೇ ಎಲ್ಲ ಚಾರ್ಟುಗಳ ಪ್ರತಿ ಮಾಡಿಸಿದರು. ಬಿಸಿ ಕಾಗದ ಒಂದರ ಹಿಂದೊಂದು ಬೀಳುತ್ತಿದ್ದರೆ ಬಾಯಿ ಯಾವುದು ಕಿವಿ ಯಾವುದು ಎಂದು ಯಾರು ನೋಡುತ್ತಾರೆ.

ಪೆಟ್ಟಿಗೆ ಹೋಯಿತು. ಮೇಷ್ಟ್ರುಗಳ ತಂಡ ಅದನ್ನಿಟ್ಟುಕೊಂಡು ಅಭ್ಯಾಸ ಮಾಡಿತು. ನಿರ್ದೇಶಕರು ನೋಡಲು ಬರುವ ದಿನ ತರಬೇತಿ ಕೇಂದ್ರಕ್ಕೆ ನಾವೂ ಹೋದೆವು. ನಾನು ಉಳಿದ ಕಂತೆಗಳನ್ನು ಹೊತ್ತುಕೊಂಡು, ಅಣ್ಣ ದೊಡ್ಡ ಚಾರ್ಟು ಗೋಡೆಗೆ ಹೊಡೆಯಲು ಮೊಳೆ ಸುತ್ತಿಗೆ ಹಿಡಿದುಕೊಂಡು. ಅತ್ತಿಗೆ ಹಿಂದಿನ ಬಾಗಿಲ ಪಕ್ಕದಲ್ಲಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಅವರ ಇನ್ನೊಂದು ಕೈ ನನ್ನ ಕೈಯಲ್ಲಿತ್ತು.

"ಶುರು ಮಾಡಿ" ಎಂದು ನಿರ್ದೇಶಕರು ಎದುರಿನ ಕುರ್ಚಿಯಲ್ಲಿ ಕೂತರು.

ಮೇಷ್ಟ್ರುಗಳೆಲ್ಲ ಎದ್ದು ನಿಂತು, ನಿರ್ದೇಶಕರ ಕಡೆ ಮುಖ ಮಾಡಿ ಮೊದಲ ಶಬ್ದ ಹೇಳಿದರು. ಶಬ್ದ ಒಂದೇ ಗಂಟಲಿನಿಂದ ಬಂದ ಹಾಗೆ ಶುದ್ಧವಾಗಿ ಬಂತು. ಜೊತೆಗೆ ಕೋಣೆಯಲ್ಲಿದ್ದ ಪ್ರತಿಯೊಂದು ತುಟಿಯ ಎಡತುದಿಯೂ ಒಟ್ಟಿಗೆ ಮೇಲೆದ್ದಿತು.

ನಿರ್ದೇಶಕರು ಮೀಸೆ ಒರೆಸಿಕೊಂಡರು. ಎರಡನೆಯ ಶಬ್ದಕ್ಕೂ ಅದೇ ಆಯಿತು. ಅವರು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ಮೂರನೆಯದಕ್ಕೆ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

"ನನ್ನ ಮುಖದಲ್ಲಿ ಏನಾದ್ರೂ ಇದೆಯಾ?" ಎಂದು ಕೇಳಿದರು.

"ಇಲ್ಲ ಸರ್."

"ಮತ್ತೆ ಯಾಕ್ರೀ ಎಲ್ಲರೂ ನನ್ನ ನೋಡಿ ಮೂತಿ ಸೊಟ್ಟ ಮಾಡ್ತಿದ್ದೀರಿ?"

ಮುಂದಿನ ಸಾಲಿನಲ್ಲಿ ಕನ್ನಡಕದ ಟೀಚರೊಬ್ಬರಿದ್ದರು, ತಂಡದಲ್ಲೇ ಚುರುಕು. ಅವರು ಹೆಮ್ಮೆಯಿಂದ, "ಹಾಗೆ ಎತ್ತಿದ್ರೇ ಸೌಂಡು ಸರಿಯಾಗಿ ಬರೋದು ಸರ್. ಚಾರ್ಟಲ್ಲಿದೆ. ಕನ್ನಡಿ ಹಿಡ್ಕೊಂಡು ಚಿತ್ರಕ್ಕೆ ಹೊಂದಿಸಿ ಹೊಂದಿಸಿ ಕಲ್ತಿದ್ದೀವಿ. ಕೆಲವರಿಗೆ ಎಡಗಡೆ ಏಳ್ತಾನೇ ಇರಲಿಲ್ಲ ಸರ್, ಬೆರಳಲ್ಲಿ ಎತ್ತಿ ಎತ್ತಿ ಅಭ್ಯಾಸ ಮಾಡಿಸಿದ್ವಿ. ಇವರಿಗೆ ಕೆನ್ನೆ ಹಿಡ್ಕೊಂಡು ಎರಡು ದಿನ ರಜಾ" ಎಂದು ಪಕ್ಕದವರನ್ನು ತೋರಿಸಿದರು. ಪಕ್ಕದವರು ಕೆನ್ನೆ ಸವರಿಕೊಂಡರು.

ನಿರ್ದೇಶಕರು ಎದ್ದು ಚಾರ್ಟಿನ ಹತ್ತಿರ ಹೋದರು. ನಾನೂ ಆಗಲೇ ಅದನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದ್ದು. ಸಾಲು ಸಾಲಾಗಿ ಅತ್ತಿಗೆಯ ಬಾಯಿಗಳು. ಆ ಶಬ್ದಕ್ಕೆ ಅತ್ತಿಗೆ, ಈ ಶಬ್ದಕ್ಕೆ ಅತ್ತಿಗೆ, ಒಂದೊಂದರಲ್ಲೂ ಅವರ ಬಲತುದಿ, ನೋಡುವವರಿಗೆ ಎಡಗಡೆ, ಇದ್ದ ಹಾಗೇ ಎದ್ದಿದೆ.

"ಇದನ್ನ ಬರೆದವರು ಯಾರು?"

"ನಾನೇ ಸರ್" ಎಂದು ಅಣ್ಣ ಸುತ್ತಿಗೆ ಹಿಡಿದುಕೊಂಡೇ ಮುಂದೆ ಹೋದ.

"ಬಾಯಿ ಸೊಟ್ಟ ಬರೆದಿದ್ದೀರಲ್ರೀ."

ಅಣ್ಣನಿಗೆ ಮಾತು ಅರ್ಥವಾಗಲಿಲ್ಲ. ಹತ್ತಿರ ಹೋಗಿ ನೋಡಿದ, ದೂರ ನಿಂತು ನೋಡಿದ, ಚಾರ್ಟೇ ವಾಲಿದೆಯೇನೋ ಎಂದು ಮೇಲಿನ ಮೊಳೆ ಮುಟ್ಟಿ ನೋಡಿದ. "ಎಲ್ಲಿ ಸರ್ ಸೊಟ್ಟ? ಎದುರಿಗೆ ಕೂರಿಸ್ಕೊಂಡು ಬರೆದಿದ್ದು. ಇದ್ದ ಹಾಗೇ ಇದೆ."

"ಯಾರನ್ನ ಕೂರಿಸ್ಕೊಂಡು?"

ಇವನ ಬಾಯಿಗಿಷ್ಟು ಬೀಗ ಹಾಕಬಾರದೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, ಮಹಾರಾಯ ಸುತ್ತಿಗೆಯಿಂದಲೇ ಹಿಂದಿನ ಬಾಗಿಲ ಕಡೆ ತೋರಿಸಿದ. "ನನ್ನ ಹೆಂಡ್ತೀನ ಸರ್. ಈ ಪೆಟ್ಟಿಗೆ ಮಾಡಿದ್ದೂ ಅವಳೇ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಅತ್ತಿಗೆಯ ಅಂಗೈ ಬಾಯಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಿತು. ನೆಲ ಬಾಯಿಬಿಟ್ಟಿದ್ದರೆ ನಾನೇ ಅವರನ್ನು ಕರೆದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ನಿರ್ದೇಶಕರು ಕುರ್ಚಿಗೆ ಮರಳಿ ಫೈಲು ಮುಚ್ಚಿದರು. "ತಪ್ಪು ಕಲಿಸೋ ಸಾಮಾನು ನಮಗ್ಯಾಕೆ? ಇದನ್ನೆಲ್ಲ ವಾಪಸ್ ತಗೊಂಡು ಹೋಗಿ" ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಾಗಿಲು ನಮ್ಮ ಪಕ್ಕದಲ್ಲೇ ಇತ್ತು, ಅತ್ತಿಗೆಯ ಕಾಲೂ ಆ ಕಡೆ ತಿರುಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಕನ್ನಡಕದ ಟೀಚರು, ತಮ್ಮಿಂದಲೇ ಎಲ್ಲೋ ಕೆಟ್ಟಿತು ಎಂಬ ಗಾಬರಿಯಲ್ಲಿ, ಕನ್ನಡಿ ಎತ್ತಿಕೊಂಡು ತುಟಿಯ ತುದಿಯನ್ನು ಬೆರಳಿನಿಂದ ಮೇಲಕ್ಕೆ ದಬ್ಬುತ್ತಾ ಮತ್ತೆ ವ, ವ ಎಂದು ಶುರುಮಾಡಿದರು.

ಅತ್ತಿಗೆಯ ಸ್ವಭಾವ ನನಗೆ ಗೊತ್ತು. ಅವರಿಗೆ ಯಾವ ಅವಮಾನವನ್ನಾದರೂ ನುಂಗಿಕೊಳ್ಳುವ ಶಕ್ತಿಯಿದೆ, ಒಬ್ಬರು ತಪ್ಪಾಗಿ ಅಭ್ಯಾಸ ಮಾಡುವುದನ್ನು ನೋಡಿಕೊಂಡು ಸುಮ್ಮನಿರುವ ಶಕ್ತಿಯಿಲ್ಲ. ನನ್ನ ಕೈ ಬಿಡಿಸಿಕೊಂಡು ಸಾಲುಗಳ ನಡುವೆ ದಡದಡ ನಡೆದು ಹೋದರು.

"ಬೆರಳು ತೆಗೀರಿ" ಎಂದರು. ಅಂಗೈಯ ಹಿಂದಿನಿಂದ ಬಂದ ಮಾತು ಆ ಟೀಚರಿಗೆ ಸರಿಯಾಗಿ ಕೇಳಿಸಲಿಲ್ಲ. ಅವರು ಇನ್ನೂ ಜೋರಾಗಿ ದಬ್ಬಿದರು. ಆಗ ಅತ್ತಿಗೆ ಬಾಯಿಯ ಮೇಲಿನ ಕೈ ತೆಗೆದು, ಅದೇ ಕೈಯಿಂದ ಟೀಚರ ಬೆರಳು ಹಿಡಿದು ಕೆಳಗಿಳಿಸಿದರು.

"ಬೆರಳು ತೆಗೀರಿ. ಅದು ಸೌಂಡಿಂದಲ್ಲ, ನಂದು."

ಅತ್ತಿಗೆ ಎಲ್ಲರ ಎದುರು, ಬರಿಯ ಮುಖದಲ್ಲಿ ನಿಂತಿದ್ದರು. ತುಟಿಯ ಎಡತುದಿಯನ್ನು ಮುಟ್ಟಿ ತೋರಿಸಿದರು. "ಚಿಕ್ಕವಳಿದ್ದಾಗ ಜ್ವರ ಬಂದು ಈ ಕಡೆ ಮುಖ ನಿಂತುಹೋಗಿತ್ತು. ಈ ತುದಿ ಏಳಲ್ಲ, ಅದಕ್ಕೇ ಆ ತುದಿ ಜಾಸ್ತಿ ಏಳುತ್ತೆ. ಪಾಪ, ನೀವು ಅದನ್ನೂ ಕಲ್ತುಬಿಟ್ಟಿದ್ದೀರಿ. ನೋಡಿ, ಹಲ್ಲು ಇಲ್ಲಿ ತಾಗಬೇಕು, ಗಾಳಿ ಇಲ್ಲಿಂದ ಹೋಗಬೇಕು, ಅಷ್ಟೇ. ಉಳಿದಿದ್ದು ನಿಮ್ಮ ನಿಮ್ಮ ಬಾಯಿ ಹೇಗಿದೆಯೋ ಹಾಗಿರಲಿ" ಎಂದು ಆ ಶಬ್ದ ಹೇಳಿ ತೋರಿಸಿದರು.

ಮೇಷ್ಟ್ರುಗಳು ಅವರ ಬಾಯಿಯನ್ನೇ ನೋಡಿ ಹೇಳಿದರು. ಅಭ್ಯಾಸಬಲ, ಎಡತುದಿಗಳು ಮತ್ತೆ ಎದ್ದವು. ಎದುರಿಗೆ ನಿಂತ ಅತ್ತಿಗೆಗೆ ಸಾಲುಸಾಲು ಕನ್ನಡಿ ಹಿಡಿದ ಹಾಗೆ ಕಂಡಿರಬೇಕು. ಅವರು ಒಂದು ಗಳಿಗೆ ಎಲ್ಲರನ್ನೂ ನೋಡಿದರು, ಆಮೇಲೆ ನಗು ತಡೆಯಲಾಗಲಿಲ್ಲ. ಕೈ ಅಡ್ಡ ಬರಲಿಲ್ಲ, ಯಾಕೆಂದರೆ ಅದು ಇನ್ನೂ ಆ ಟೀಚರ ಬೆರಳು ಹಿಡಿದುಕೊಂಡಿತ್ತು. ಮೊದಲು ಆ ಟೀಚರು ನಕ್ಕರು, ಆಮೇಲೆ ಕೆನ್ನೆ ಹಿಡಿದುಕೊಂಡಿದ್ದವರು ನಕ್ಕರು, ಕಡೆಗೆ ಕೋಣೆಯೇ ನಕ್ಕಿತು. ಆ ಹಳೆಯ ಕ್ಲಾಸಿನ ನಗುವಿನಂತೆ ಅದು ಇರಲಿಲ್ಲ. ಇನ್ನೊಮ್ಮೆ ಹೇಳಿಸಿದಾಗ ತುಟಿಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು, ಶಬ್ದ ಸರಿಯಾಗಿಯೇ ಬಂತು.

ನಿರ್ದೇಶಕರು ಮೆಲ್ಲಗೆ ಒಂದು ಕನ್ನಡಿ ಎತ್ತಿಕೊಂಡು, ಮೀಸೆಯ ಕೆಳಗೆ ಏನೋ ಪ್ರಯತ್ನ ಮಾಡುತ್ತಿದ್ದುದನ್ನು ನಾನು ಕಂಡೆ. ಎರಡನೆಯ ಸಲಕ್ಕೆ ಅವರಿಗೂ ಶಬ್ದ ಸರಿಯಾಗಿ ಬಂತು. ಮುಚ್ಚಿದ ಫೈಲು ತೆರೆದರು. "ಪೆಟ್ಟಿಗೆ ಇರಲಿ. ಚಿತ್ರ ಮಾತ್ರ ನೆಟ್ಟಗೆ ಮಾಡಿ ಕೊಡಿ" ಎಂದರು. ಎದ್ದು ಹೊರಟವರು ಬಾಗಿಲಲ್ಲಿ ನಿಂತು, "ಈಗ ಹೇಳಿದ್ರಲ್ಲ, ಅದನ್ನ ಪುಸ್ತಕದಲ್ಲಿ ಬರೆದ್ರೆ ಯಾರೂ ಓದಲ್ಲಮ್ಮ. ಪ್ರತಿ ತಂಡಕ್ಕೂ ನೀವೇ ಬಂದು ಹೇಳಬೇಕು" ಎಂದರು. ಯಾವುದರಿಂದ ತಪ್ಪಿಸಿಕೊಳ್ಳಲು ಅತ್ತಿಗೆ ಇಷ್ಟೆಲ್ಲ ಪಾಡು ಪಟ್ಟರೋ ಅದೇ ಬಂದು ಕೊರಳಿಗೆ ಬಿತ್ತು. ಆಗಲ್ಲ ಎನ್ನುತ್ತಾರೆಂದು ಕಾದೆ. "ಆಯ್ತು ಸರ್" ಎಂದರು.

ಮನೆಗೆ ಬರುವ ಬಸ್ಸಿನಲ್ಲಿ ಅತ್ತಿಗೆ ಅಣ್ಣನ ಪಕ್ಕದಲ್ಲಿ ಕೂತರು. ಇಳಿಯುವ ಹೊತ್ತಿಗೆ, "ರೀ, ನಿಜವಾಗ್ಲೂ ನಿಮಗೆ ಕಾಣಲಿಲ್ವಾ?" ಎಂದು ಕೇಳಿದರು.

"ಏನು?"

"ಏನಿಲ್ಲ ಬಿಡಿ" ಎಂದು ಇಳಿದರು.

ಹೊಸ ಚಿತ್ರಕ್ಕೆ ಬಾಯಿ ಬೇಕಲ್ಲ. ಅಮ್ಮನದಕ್ಕೆ ಹಲ್ಲಿಲ್ಲ, ಬಡಗಿ ನಮ್ಮ ಮನೆಯ ದಿಕ್ಕಿಗೇ ಬರುತ್ತಿಲ್ಲ. ಕೊನೆಗೆ ಸಿಕ್ಕಿಬಿದ್ದವಳು ನಾನು. ಅದೇ ಮೇಜು, ಅದೇ ಅಲ್ಲಾಡ್ಬೇಡ್ವೇ, ದವಡೆ ನೋವು ಬರುವ ತನಕ ವ ಹಿಡಿದು ಕೂತೆ. ಇನ್ನು ಮೇಲೆ ಇಂಗ್ಲಿಷ್ ಕಲಿಯುವ ಶಾಲೆಗಳ ಗೋಡೆಗಳ ಮೇಲೆಲ್ಲ ಇರುವುದು ನನ್ನ ಬಾಯಿ. ಬಾಯಿಬಡುಕಿ ಎಂದು ನನ್ನನ್ನು ಕರೆಯುತ್ತಿದ್ದವರೆಲ್ಲ ಬಂದು ನೋಡಲಿ.

ಕೊನೆಯ ಚಿತ್ರ ಮುಗಿದ ಸಂಜೆ ಬಣ್ಣ ಒಣಗಲೆಂದು ಅತ್ತಿಗೆ ಚಾರ್ಟಿನ ಎರಡು ತುದಿಯನ್ನೂ ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ತೂತಿನ ರಟ್ಟು ಮೇಜಿನ ಮೇಲೆ ಬಿದ್ದಿತ್ತು, ಅವರು ಅದನ್ನು ಮುಟ್ಟಿರಲಿಲ್ಲ. ನಾನು ಸ್ಕೇಲು ಹಿಡಿದು ಅಳೆದೆ. ಎರಡು ತುದಿಯೂ ಸಮ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಣ್ಣ ಮಾತ್ರ ಕುಂಚ ಒರೆಸುತ್ತಾ ಹಿಂದಕ್ಕೆ ಸರಿದು ನೋಡಿದ, ತಲೆ ಆ ಕಡೆ ವಾಲಿಸಿ ನೋಡಿದ, ಈ ಕಡೆ ವಾಲಿಸಿ ನೋಡಿದ. ಮುಖ ಸಿಂಡರಿಸಿದ.

"ಇಲ್ಲ ಕಣೇ, ಇದು ಸರಿ ಬಂದಿಲ್ಲ" ಎಂದ. "ಯಾಕೋ ಸ್ವಲ್ಪ ಸೊಟ್ಟ ಕಾಣುತ್ತೆ."

ಅತ್ತಿಗೆ ಅವನ ಮುಖ ನೋಡಿ ನಕ್ಕರು. ಎರಡೂ ಕೈಯಲ್ಲಿ ಚಾರ್ಟು ಹಾಗೇ ಇತ್ತು.